ಕರ್ನಾಟಕ ‘ಕನಾರ್ಟಕ’ ಆಗುವುದೇಕೆ?

ಕಚೇರಿಯ ಸುತ್ತೋಲೆಯೊಂದರ ಪಿಡಿಎಫ್ ವಾಟ್ಸಾಪಿನಲ್ಲಿ ಬರುತ್ತದೆ. ತೆರೆದರೆ ಲಾಂಛನ ಇದೆ, ಮೊಹರು ಇದೆ, ಸಹಿಯೂ ಇದೆ. ನಡುವೆ ಇರಬೇಕಾದ ಕನ್ನಡ ಮಾತ್ರ ಇಲ್ಲ. ಅದರ ಜಾಗದಲ್ಲಿ ಬ್ರಿಟನ್ನಿನ ಪೌಂಡ್ ಗುರುತು, ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ‘ಎ’ಗಳು, ಜರ್ಮನ್ನರು ಬಳಸುವ ಯಾವುದೋ ಅಕ್ಷರ. ಇನ್ನೊಂದು ಫೈಲಿನಲ್ಲಿ ಸಾಲಿಗೆ ಸಾಲೇ ಖಾಲಿ ಚೌಕಗಳು. ಮತ್ತೊಂದರಲ್ಲಿ ಅಕ್ಷರಗಳೇನೋ ಬಂದಿವೆ, ಒತ್ತುಗಳು ಮಾತ್ರ ಕೆಳಗಿಳಿಯಲು ಒಪ್ಪದೆ ಪಕ್ಕದಲ್ಲಿ ನಿಂತಿವೆ; ‘ಕನ್ನಡ’ ಎನ್ನುವುದು ‘ಕನ್‌ನಡ’ ಆಗಿದೆ. ಎಲ್ಲಕ್ಕಿಂತ ವಿಚಿತ್ರವಾದದ್ದು ನಾಲ್ಕನೆಯದು. ಪುಟ ಅಚ್ಚುಕಟ್ಟಾಗಿದೆ, ಒಂದು ಕೊಂಬೂ ಕೊಂಕಿಲ್ಲ. ಆದರೆ ಅಲ್ಲಿಂದ ‘ಕರ್ನಾಟಕ’ ಎಂಬ ಪದವನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ‘ಕನಾರ್ಟಕ’ ಎಂದು ಬೀಳುತ್ತದೆ.

ಈ ನಾಲ್ಕಕ್ಕೂ ನಾವು ಇಟ್ಟಿರುವ ಹೆಸರು ಒಂದೇ, ‘ಫಾಂಟ್ ಪ್ರಾಬ್ಲಮ್’. ಎಲ್ಲರೂ ಹೇಳುವ ಮದ್ದೂ ಒಂದೇ, ‘ಬೇರೆ ಫಾಂಟ್ ಹಾಕಿ ನೋಡಿ’. ಒಂದೊಂದು ಸಲ ಅದು ಕೆಲಸ ಮಾಡುತ್ತದೆ. ಹಲವು ಸಲ ಇನ್ನಷ್ಟು ಕೆಡಿಸುತ್ತದೆ. ಪಿಡಿಎಫ್ ಎಂಬ ಕಡತದ ಒಳಗೆ ನಿಜಕ್ಕೂ ಏನಿರುತ್ತದೆ ಎಂದು ಒಮ್ಮೆ ಇಣುಕಿ ನೋಡಿದರೆ, ಯಾವುದಕ್ಕೆ ಯಾವ ಮದ್ದು ಎಂಬುದು ತಾನಾಗಿ ತಿಳಿಯುತ್ತದೆ.

ಬರೆದದ್ದು ಬೇರೆ, ಜೋಡಿಸಿದ್ದು ಬೇರೆ

ನೀವು ಕಂಪ್ಯೂಟರಿನಲ್ಲಿ ‘ಕ’ ಎಂದು ಒತ್ತಿದಾಗ ಅದು ‘ಕ’ದ ಚಿತ್ರವನ್ನು ಉಳಿಸಿಕೊಳ್ಳುವುದಿಲ್ಲ. 3221 ಎಂಬ ಸಂಖ್ಯೆಯನ್ನು ಉಳಿಸಿಕೊಳ್ಳುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಹಂಚಿರುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಮನೆಗಳು ಮೀಸಲು. ‘ನ’ 3240ರಲ್ಲಿದೆ, ‘ರ’ 3248ರಲ್ಲಿ, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ 3277ರಲ್ಲಿ. ಇವನ್ನು ಲಿಪಿಸಂಖ್ಯೆ ಎನ್ನೋಣ.

ಈ ಸಂಖ್ಯೆಗಳಿಗೆ ಆಕಾರವಿಲ್ಲ. ಆಕಾರ ಇರುವುದು ಫಾಂಟಿನಲ್ಲಿ. ತುಂಗಾ ಫಾಂಟಿನ ‘ಕ’ ಒಂದು ಬಗೆ, ನೋಟೋ ಫಾಂಟಿನ ‘ಕ’ ಇನ್ನೊಂದು ಬಗೆ. ಫಾಂಟಿನ ಒಳಗಿರುವ ಒಂದೊಂದು ಆಕಾರವನ್ನೂ ತಂತ್ರಜ್ಞರು ಗ್ಲಿಫ್ ಎನ್ನುತ್ತಾರೆ. ನಾವು ಅದನ್ನು ಅಚ್ಚು ಎಂದು ಕರೆಯೋಣ. ಪ್ರತಿ ಅಚ್ಚಿಗೂ ಆ ಫಾಂಟಿನೊಳಗೆ ಒಂದು ಕ್ರಮಸಂಖ್ಯೆ ಇರುತ್ತದೆ. ಅದು ಆ ಫಾಂಟಿನ ಖಾಸಗಿ ಲೆಕ್ಕ. ಒಂದು ಫಾಂಟಿನ ಐವತ್ತನೆಯ ಅಚ್ಚು ‘ಮ’ ಆಗಿದ್ದರೆ ಇನ್ನೊಂದರ ಐವತ್ತನೆಯದು ‘ತ’ದ ಒತ್ತು ಆಗಿರಬಹುದು.

ಹಳೆಯ ಮೊಳೆ ಮುದ್ರಣಾಲಯವನ್ನು ನೋಡಿದವರಿಗೆ ಮುಂದಿನ ಮಾತು ಸುಲಭ. ಲೇಖಕ ಕೊಟ್ಟ ಹಸ್ತಪ್ರತಿ ಒಂದು ಕಡೆ. ಅದನ್ನು ನೋಡಿಕೊಂಡು ಕೇಸಿನ ಮನೆಗಳಿಂದ ಸೀಸದ ಮೊಳೆಗಳನ್ನು ಹೆಕ್ಕಿ ಜೋಡಿಸುವ ಕಂಪೋಸಿಟರ್ ನಡುವೆ. ಜೋಡಿಸಿ ಚೌಕಟ್ಟಿನಲ್ಲಿ ಬಿಗಿದ ಪುಟ ಇನ್ನೊಂದು ಕಡೆ. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು ಹೀಗೆಯೇ. ಹಸ್ತಪ್ರತಿಯಲ್ಲಿರುವುದು ಪದಗಳು, ಬಿಗಿದ ಪುಟದಲ್ಲಿರುವುದು ಇಂಥ ಮೊಳೆ ಇಂಥ ಜಾಗದಲ್ಲಿ ಎಂಬ ಜೋಡಣೆ ಮಾತ್ರ. ಮುದ್ರಣಯಂತ್ರಕ್ಕೆ ಕನ್ನಡ ಗೊತ್ತಿರಬೇಕಾಗಿಲ್ಲ. ಗೊತ್ತಿರಬೇಕಾದವನು ಕಂಪೋಸಿಟರ್.

ನಿಮ್ಮ ವರ್ಡ್ ಫೈಲು ಹಸ್ತಪ್ರತಿ. ಪಿಡಿಎಫ್ ಬಿಗಿದ ಪುಟ. ಅದರೊಳಗೆ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ: ಪುಟದ ಎಡಗಡೆಯಿಂದ ಇಷ್ಟು, ಕೆಳಗಿನಿಂದ ಇಷ್ಟು ದೂರಕ್ಕೆ ಹೋಗು, ಈ ಫಾಂಟಿನ ಇಷ್ಟನೆಯ ಅಚ್ಚನ್ನು ಒತ್ತು, ಆಮೇಲೆ ಅಷ್ಟನೆಯದನ್ನು ಒತ್ತು. ದೂರವನ್ನು ಅಳೆಯುವುದು ಇಂಚಿನ 72ನೆಯ ಒಂದು ಭಾಗದಲ್ಲಿ. ಎ4 ಹಾಳೆ ಈ ಅಳತೆಯಲ್ಲಿ ಸುಮಾರು 595 ಅಗಲ, 842 ಎತ್ತರ. ಪದ ಎಲ್ಲಿ ಮುಗಿಯಿತು, ಪ್ಯಾರಾ ಎಲ್ಲಿ ಶುರುವಾಯಿತು ಎಂಬ ಗೊಡವೆಯೂ ಅದಕ್ಕೆ ಇರಬೇಕೆಂದಿಲ್ಲ.

ಹಾಗಾದರೆ ಹಸ್ತಪ್ರತಿಯಿಂದ ಪುಟಕ್ಕೆ ಬರುವ ದಾರಿಯಲ್ಲಿ ಎಡವಬಹುದಾದ ಜಾಗಗಳು ಮೂರು. ಮೊಳೆಗಳು ಪುಟದ ಜೊತೆ ಹೋಗದಿರಬಹುದು. ಕಂಪೋಸಿಟರ್‌ಗೆ ಕನ್ನಡ ಬಾರದಿರಬಹುದು. ಪುಟ ಸರಿಯಾಗಿಯೇ ಇದ್ದು, ಅದನ್ನು ಮತ್ತೆ ಹಸ್ತಪ್ರತಿಯಾಗಿ ತಿರುಗಿಸುವ ಕೀಲಿ ಕಳೆದುಹೋಗಿರಬಹುದು.

ಮೊಳೆಗಳನ್ನು ಬಿಟ್ಟುಹೋದ ಪುಟ

ಅಡೋಬಿ ಕಂಪನಿಯ ಸಂಸ್ಥಾಪಕರಲ್ಲಿ ಒಬ್ಬರಾದ ಜಾನ್ ವಾರ್ನಾಕ್ 1991ರಲ್ಲಿ ‘ಕ್ಯಾಮೆಲಾಟ್’ ಎಂಬ ಯೋಜನೆಯ ಟಿಪ್ಪಣಿ ಬರೆದರು. ಯಾವ ಕಂಪ್ಯೂಟರಿನಲ್ಲಿ ತೆರೆದರೂ, ಯಾವ ಪ್ರಿಂಟರಿನಲ್ಲಿ ಮುದ್ರಿಸಿದರೂ ದಾಖಲೆ ಒಂದೇ ರೀತಿ ಕಾಣಬೇಕು ಎಂಬುದು ಅದರ ಗುರಿ. 1993ರಲ್ಲಿ ಅದೇ ಪಿಡಿಎಫ್ ಎಂದು ಹೊರಬಂತು. ಆಗ 1.44 ಮೆಗಾಬೈಟಿನ ಫ್ಲಾಪಿಯಲ್ಲಿ ಕಡತ ಒಯ್ಯುವ ಕಾಲ. ಪ್ರತಿ ಕಡತಕ್ಕೂ ಫಾಂಟುಗಳನ್ನು ತುಂಬಿಸುವುದು ದುಬಾರಿ. ಆದ್ದರಿಂದ ಒಂದು ಒಪ್ಪಂದ ಮಾಡಿಕೊಂಡರು. ಹೆಲ್ವೆಟಿಕಾ, ಟೈಮ್ಸ್, ಕೊರಿಯರ್ ಕುಟುಂಬಗಳ ತಲಾ ನಾಲ್ಕು, ಸಿಂಬಲ್ ಒಂದು, ಝಾಫ್ ಡಿಂಗ್‌ಬ್ಯಾಟ್ಸ್ ಒಂದು, ಹೀಗೆ 14 ಫಾಂಟುಗಳು ಓದುವ ತಂತ್ರಾಂಶದ ಬಳಿಯೇ ಇರುತ್ತವೆ. ಉಳಿದವನ್ನು ಕಡತದೊಳಗೆ ಸೇರಿಸಬಹುದು, ಸೇರಿಸದೆಯೂ ಇರಬಹುದು.

ಈ ‘ಸೇರಿಸದೆಯೂ ಇರಬಹುದು’ ಎಂಬ ಸಡಿಲವೇ ನಮ್ಮ ಅರ್ಧ ಕಷ್ಟಕ್ಕೆ ಮೂಲ. ಆ 14ರಲ್ಲಿ ಕನ್ನಡದ ಒಂದು ಗೀಟೂ ಇಲ್ಲ. ಫಾಂಟನ್ನು ಕಡತದೊಳಗೆ ಇಡುವುದಕ್ಕೆ ಎಂಬೆಡ್ ಮಾಡುವುದು ಎನ್ನುತ್ತಾರೆ. ನಾವು ಒಳಸೇರಿಸುವುದು ಎನ್ನಬಹುದು. ಒಳಸೇರಿಸದ ಪಿಡಿಎಫ್ ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ, ಯಾಕೆಂದರೆ ಆ ಫಾಂಟು ಅಲ್ಲೇ ಇದೆ. ಅದೇ ಕಡತ ಬೇರೆಯವರ ಮೊಬೈಲಿಗೆ ಹೋದಾಗ ಮೊಳೆಗಳಿಲ್ಲ. ಆಗ ಓದುವ ತಂತ್ರಾಂಶ ತನ್ನಲ್ಲಿರುವ ಯಾವುದೋ ಬದಲಿ ಫಾಂಟನ್ನು ಹಿಡಿಯುತ್ತದೆ. ಅಕ್ರೋಬ್ಯಾಟ್ ಇಂಥ ಹೊತ್ತಿನಲ್ಲಿ ಬಳಸುವ ಬದಲಿಗಳ ಹೆಸರು ಅಡೋಬಿ ಸ್ಯಾನ್ಸ್ ಎಂಎಂ ಮತ್ತು ಅಡೋಬಿ ಸೆರಿಫ್ ಎಂಎಂ. ಎರಡೂ ರೋಮನ್ ಲಿಪಿಯವು.

ಬದಲಿಯಲ್ಲಿ ಬೇಕಾದ ಅಚ್ಚು ಸಿಗದಿದ್ದರೆ ಚೌಕ ಬರುತ್ತದೆ. ಈ ಚೌಕವೂ ಒಂದು ಅಚ್ಚೇ. ಓಪನ್‌ಟೈಪ್ ಫಾಂಟುಗಳಲ್ಲಿ ಸೊನ್ನೆಯ ಮನೆಯ ಅಚ್ಚನ್ನು ‘ನನ್ನ ಬಳಿ ಇದಿಲ್ಲ’ ಎಂದು ಹೇಳುವುದಕ್ಕೇ ಮೀಸಲಿಡುತ್ತಾರೆ. ಜಾಲತಾಣಗಳು ತಾವಾಗಿ ತಯಾರಿಸಿ ಕೊಡುವ ಪ್ರಮಾಣಪತ್ರ, ರಸೀದಿಗಳಲ್ಲಿ ಚೌಕಗಳು ಕಾಣುವುದರ ಕಾರಣ ಸಾಮಾನ್ಯವಾಗಿ ಇದೇ: ಪ್ರೋಗ್ರಾಮ್ ಬರೆದವರ ಲ್ಯಾಪ್‌ಟಾಪಿನಲ್ಲಿ ಕನ್ನಡ ಫಾಂಟ್ ಇತ್ತು, ಅದು ಓಡುವ ಸರ್ವರಿನಲ್ಲಿ ಯಾರೂ ಹಾಕಿಲ್ಲ.

ಇಲ್ಲಿ ಒಂದು ಸಣ್ಣ ತಮಾಷೆಯೂ ಉಂಟು. ಇಡೀ ಪುಟ ಸರಿ ಇದ್ದು ‘ಸಾಫ್ಟ್‌ವೇರ್’, ‘ಫೇಸ್‌ಬುಕ್’ ಎಂಬಂಥ ಪದಗಳ ಹೊಟ್ಟೆಯಲ್ಲಿ ಮಾತ್ರ ಒಂದೊಂದು ಚೌಕ ಕೂತಿರುತ್ತದೆ. ‘ವ’ ಅಕ್ಷರ ‘ಟ’ಕ್ಕೆ ಒತ್ತಾಗಿ ಅಂಟದಿರಲಿ ಎಂದು ಅಲ್ಲಿ 8204 ಎಂಬ ಕಣ್ಣಿಗೆ ಕಾಣದ ಲಿಪಿಸಂಖ್ಯೆ ಇಟ್ಟಿರುತ್ತೇವೆ. ಅದಕ್ಕೆ ಅಚ್ಚೇ ಬೇಡ ಎಂಬುದು ತಿಳಿಯದ ತಂತ್ರಾಂಶ ಅಚ್ಚು ಹುಡುಕಲು ಹೋಗಿ, ಸಿಗದೆ, ಚೌಕ ಒತ್ತುತ್ತದೆ.

ಪೌಂಡ್ ಗುರುತಿನ ಊರು

ಚೌಕ ಬರಬೇಕಾದ ಕಡೆ ಪೌಂಡ್ ಬಂದದ್ದು ಹೇಗೆ? ಇದಕ್ಕೆ ಯೂನಿಕೋಡ್ ನಮ್ಮ ಮೇಜಿಗೆ ಬರುವ ಮುಂಚಿನ ಕತೆ ಬೇಕು.

ಆ ದಿನಗಳ ಫಾಂಟಿನಲ್ಲಿ ಇದ್ದದ್ದು 256 ಮನೆ. ಅದರಲ್ಲೂ ಕೆಲವು ಯಂತ್ರದ ಸ್ವಂತ ಬಳಕೆಗೆ ಮೀಸಲು. ಕಾಗುಣಿತ, ಒತ್ತು ಎಲ್ಲ ಸೇರಿದರೆ ಕನ್ನಡದ ಆಕಾರಗಳು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. 1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಡಿಟಿಪಿ ಅಂಗಡಿಗಳ ಶ್ರೀಲಿಪಿ, ಎಲ್ಲರೂ ಹಿಡಿದದ್ದು ಒಂದೇ ಉಪಾಯ. ಅಕ್ಷರವನ್ನು ತುಂಡು ಮಾಡುವುದು. ತಲೆಕಟ್ಟಿಲ್ಲದ ‘ಕ’ದ ಮೈ ಒಂದು ತುಂಡು, ತಲೆಕಟ್ಟು ಒಂದು, ಕೊಂಬು ಒಂದು, ಒಂದೊಂದು ವ್ಯಂಜನದ ಒತ್ತು ಒಂದೊಂದು, ಅರ್ಕಾವೊತ್ತು ಒಂದು. ಆ ತುಂಡುಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕೂರಿಸಿದರು.

ನುಡಿ ಫಾಂಟಿನಲ್ಲಿ ‘ಕ’ದ ಮೈ ಕೂತದ್ದು 80ನೆಯ ಮನೆಯಲ್ಲಿ, ಅದು ಇಂಗ್ಲಿಷಿನ ದೊಡ್ಡ ‘ಪಿ’ಯ ಮನೆ. ತಲೆಕಟ್ಟು 192ರಲ್ಲಿ, ಗೀಟು ಹೊತ್ತ ‘ಎ’ಯ ಮನೆ. ‘ನ’ದ ಮೈ 163ರಲ್ಲಿ, ಪೌಂಡ್ ಗುರುತಿನ ಮನೆ. ‘ನ’ದ ಒತ್ತು 223ರಲ್ಲಿ, ಜರ್ಮನ್ನರ ಜೋಡಿ ‘ಎಸ್’ ಇರುವ ಮನೆ. ‘ಡ’ದ ಮೈ 113ರಲ್ಲಿ, ಚಿಕ್ಕ ‘ಕ್ಯೂ’ ಮನೆ. ಹೀಗಾಗಿ ‘ಕನ್ನಡ’ ಎಂದರೆ 80, 192, 163, 192, 223, 113, 192. ಈ ಏಳು ಸಂಖ್ಯೆಗಳನ್ನು ನುಡಿ ಫಾಂಟಿನ ಅಚ್ಚುಗಳಲ್ಲಿ ಒತ್ತಿದರೆ ಕನ್ನಡ. ಸಾಮಾನ್ಯ ಇಂಗ್ಲಿಷ್ ಫಾಂಟಿನಲ್ಲಿ ಒತ್ತಿದರೆ ಪಿ, ಗೀಟಿನ ಎ, ಪೌಂಡ್, ಮತ್ತೆ ಗೀಟಿನ ಎ. ‘ನ’ ನಮ್ಮ ಮಾತಿನಲ್ಲಿ ಪದೇ ಪದೇ ಬರುವುದರಿಂದ ಪೌಂಡ್ ಕೂಡ ಪದೇ ಪದೇ.

ಕೊರತೆಯ ಕಾಲದಲ್ಲಿ ಇದು ಜಾಣತನವೇ ಆಗಿತ್ತು, ಅದನ್ನು ಹಳಿಯುವುದು ನ್ಯಾಯವಲ್ಲ. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಬಂದಾಗಲೂ ಭಾರತೀಯ ಭಾಷೆಗಳಿಗಾಗಿ ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಒಂದು ಚೌಕಕ್ಕೆ ಟಿಕ್ ಹಾಕಬೇಕಿತ್ತು. ಎಷ್ಟೋ ಜನಕ್ಕೆ ಆ ಚೌಕ ಇರುವುದೇ ಗೊತ್ತಿರಲಿಲ್ಲ. ಆದರೆ ನುಡಿಯಲ್ಲೂ ಬರಹದಲ್ಲೂ ಯೂನಿಕೋಡ್ ಸೌಲಭ್ಯ ಬಂದು ವರ್ಷಗಳೇ ಕಳೆದ ಮೇಲೂ ಹಳೆಯ ತುಂಡು ಫಾಂಟಿನಲ್ಲೇ ಆದೇಶ ಟೈಪು ಮಾಡುವುದು ಜಾಣತನವಲ್ಲ, ರೂಢಿ.

ಇಲ್ಲೇ ‘ಬೇರೆ ಫಾಂಟ್ ಹಾಕಿ’ ಎಂಬ ಮದ್ದು ತಿರುಗಿ ಹೊಡೆಯುವುದು. ನುಡಿಯಲ್ಲಿ ಟೈಪಿಸಿದ ಪ್ಯಾರಾವನ್ನು ಹಿಡಿದು ಫಾಂಟನ್ನು ತುಂಗಾ ಮಾಡಿದರೆ ಸರಿಹೋಗುವ ಬದಲು ಪೂರಾ ಪೌಂಡ್ ಆಗುತ್ತದೆ. ಬದಲಾಗಬೇಕಾದ್ದು ಫಾಂಟಲ್ಲ, ಒಳಗಿನ ಸಂಖ್ಯೆಗಳು. ಅದಕ್ಕೆ ಪರಿವರ್ತಕ ಬೇಕು. ನುಡಿ, ಬರಹ ಎರಡರಲ್ಲೂ ಅದು ಇದೆ. ಪರಿವರ್ತಿಸುವಾಗ ನಡುವೆ ಇರುವ ಇಂಗ್ಲಿಷ್ ಪದಗಳನ್ನು ಬಿಟ್ಟು ಕನ್ನಡ ಭಾಗವನ್ನಷ್ಟೇ ಆರಿಸಿಕೊಳ್ಳಿ. ಪರಿವರ್ತಕಕ್ಕೆ ಎಲ್ಲ ‘ಪಿ’ಯೂ ‘ಕ’ವೇ; ಇಮೇಲ್ ವಿಳಾಸಗಳನ್ನೂ ಅದು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ.

ಕನ್ನಡ ಬಾರದ ಕಂಪೋಸಿಟರ್

ಇನ್ನು ಎರಡನೆಯ ಎಡವಟ್ಟು. ಪಠ್ಯ ಯೂನಿಕೋಡಿನಲ್ಲೇ ಇದೆ, ಫಾಂಟ್ ಕೂಡ ಕಡತದೊಳಗೆ ಕೂತಿದೆ, ಆದರೂ ಒತ್ತು ಕಳಚಿದೆ.

ಯೂನಿಕೋಡಿನಲ್ಲಿ ‘ಕನ್ನಡ’ ಎಂದರೆ ಐದು ಸಂಖ್ಯೆ: ಕ, ನ, ವಿರಾಮ, ನ, ಡ. ‘ನ’ಕ್ಕೆ ಒತ್ತು ಎಂಬ ಪ್ರತ್ಯೇಕ ಲಿಪಿಸಂಖ್ಯೆಯೇ ಇಲ್ಲ. ವಿರಾಮದ ಬಳಿಕ ಬಂದ ‘ನ’ವನ್ನು ಒತ್ತಾಗಿ ಒತ್ತಬೇಕು ಎಂದು ಯಾರಾದರೂ ತೀರ್ಮಾನಿಸಬೇಕು. ಐದು ಸಂಖ್ಯೆ ಓದಿ ನಾಲ್ಕು ಅಚ್ಚು ಹೆಕ್ಕಬೇಕು. ಮೊಳೆ ಮುದ್ರಣಾಲಯದಲ್ಲಿ ಕಂಪೋಸಿಟರ್ ಮಾಡುತ್ತಿದ್ದ ಈ ಕೆಲಸವನ್ನು ಈಗ ಒಂದು ತಂತ್ರಾಂಶದ ತುಣುಕು ಮಾಡುತ್ತದೆ. ಅದರ ಹೆಸರು ಶೇಪರ್, ನಮ್ಮ ಮಾತಿನಲ್ಲಿ ಜೋಡಣೆಗಾರ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರಲ್ಲೂ ಇರುವ ಜೋಡಣೆಗಾರ ಹಾರ್ಫ್‌ಬಝ್. ಅದು ಉಚಿತ, ಮುಕ್ತ. ನೀವು ಇವತ್ತು ಮೊಬೈಲಿನಲ್ಲಿ ಓದಿದ ಕನ್ನಡದ ಬಹುಪಾಲನ್ನು ಅದೇ ಜೋಡಿಸಿರುತ್ತದೆ.

ಇಂಗ್ಲಿಷಿಗೆ ಜೋಡಣೆಗಾರನ ಹಂಗು ಕಡಿಮೆ. ಒಂದು ಸಂಖ್ಯೆಗೆ ಒಂದು ಅಚ್ಚು, ಎಡದಿಂದ ಬಲಕ್ಕೆ ಸಾಲಾಗಿ ಇಟ್ಟರಾಯಿತು. ಇದನ್ನೇ ನಂಬಿಕೊಂಡು ಬರೆದ ಪಿಡಿಎಫ್ ತಯಾರಿಸುವ ಸಲಕರಣೆಗಳು ಬಹಳ ಇವೆ. ಇಂಥ ಹಗುರ ಸಲಕರಣೆಗೆ ಕನ್ನಡ ಕೊಟ್ಟರೆ ‘ಧರ್ಮ’ ಎನ್ನುವುದನ್ನು ‘ಧರ್‌ಮ’ ಎಂದು ಇಡುವುದೇ ಅದರ ಮಿತಿ. ಫಾಂಟಿನದು ಇಲ್ಲಿ ಏನೂ ತಪ್ಪಿಲ್ಲ, ಮೊಳೆಗಳೆಲ್ಲ ಪೆಟ್ಟಿಗೆಯಲ್ಲೇ ಇವೆ. ಹೆಕ್ಕುವವನಿಗೆ ಯಾವುದನ್ನು ಹೆಕ್ಕಬೇಕು ಎಂದು ಗೊತ್ತಿಲ್ಲ. ಹತ್ತು ಫಾಂಟ್ ಬದಲಿಸಿದರೂ ಇದು ಸರಿಹೋಗದು. ಸಲಕರಣೆಯನ್ನೇ ಬದಲಿಸಬೇಕು. ಪ್ರೋಗ್ರಾಮ್ ಬರೆಯುವವರಿಗೆ ಸುಲಭದ ದಾರಿ, ಪುಟವನ್ನು ಎಚ್‌ಟಿಎಂಎಲ್‌ನಲ್ಲಿ ಬರೆದು ಕ್ರೋಮ್‌ನಿಂದಲೇ ಪಿಡಿಎಫ್ ಮಾಡಿಸುವುದು. ಪೈಥಾನ್‌ನಲ್ಲಿ ವೀಸಿಪ್ರಿಂಟ್, ಪಿಎಚ್‌ಪಿಯಲ್ಲಿ ಭಾರತೀಯ ಲಿಪಿಗಳ ಜೋಡಣೆಯನ್ನು ಚಾಲೂ ಮಾಡಿಕೊಂಡ ಎಂಪಿಡಿಎಫ್ ಕೂಡ ಈ ಕೆಲಸ ಮಾಡುತ್ತವೆ. ಹಿಂದಿ, ತಮಿಳು, ಬಂಗಾಳಿಯವರಿಗೂ ಕಾಡುವುದು ಇದೇ ತೊಂದರೆ, ಮದ್ದೂ ಇದೇ.

ಹಿಂದಕ್ಕೆ ಓದುವ ಕೀಲಿ

ಈಗ ‘ಕನಾರ್ಟಕ’ಕ್ಕೆ ಬರೋಣ. ಉಳಿದವು ಕಣ್ಣಿಗೆ ರಾಚುತ್ತವೆ, ಯಾರಾದರೂ ದೂರು ಕೊಡುತ್ತಾರೆ, ಹೇಗೋ ಸರಿಯಾಗುತ್ತವೆ. ಇದು ಕಾಣುವುದಿಲ್ಲ, ಆದ್ದರಿಂದ ಉಳಿದುಕೊಳ್ಳುತ್ತದೆ. ನನ್ನ ದೃಷ್ಟಿಯಲ್ಲಿ ನಾಲ್ಕರಲ್ಲಿ ಹೆಚ್ಚು ಹಾನಿ ಮಾಡುವುದು ಇದೇ.

‘ಕರ್ನಾಟಕ’ ಎಂದು ಬರೆದಾಗ ಹಸ್ತಪ್ರತಿಯಲ್ಲಿ ಉಳಿಯುವುದು ನಾವು ಉಚ್ಚರಿಸುವ ಕ್ರಮ: ಕ, ರ, ವಿರಾಮ, ನ, ಆ-ಕಾರದ ಚಿಹ್ನೆ, ಟ, ಕ. ಕಾಗದದ ಮೇಲೆ ಬರೆಯುವ ಕ್ರಮ ಬೇರೆ. ‘ರ’ ಮೊದಲು ಉಚ್ಚಾರವಾದರೂ ಅರ್ಕಾವೊತ್ತಾಗಿ ‘ನಾ’ ಆದ ಮೇಲೆ ಬಂದು ಕೂರುತ್ತದೆ. ಜೋಡಣೆಗಾರ ಇದನ್ನು ತಿಳಿದು ಅಚ್ಚುಗಳನ್ನು ಹಾಗೆಯೇ ಸಾಲಾಗಿಸುತ್ತಾನೆ: ಕ, ನಾ, ಅರ್ಕಾವೊತ್ತು, ಟ, ಕ. ಪಿಡಿಎಫ್‌ಗೆ ಸೇರುವುದು ಈ ಸಾಲು.

ಆಮೇಲೆ ನೀವು ಆ ಪದವನ್ನು ಕಾಪಿ ಮಾಡುತ್ತೀರಿ. ಪಿಡಿಎಫ್‌ನಲ್ಲಿರುವುದು ಅಚ್ಚಿನ ಸಂಖ್ಯೆಗಳು. ಅವನ್ನು ಮತ್ತೆ ಲಿಪಿಸಂಖ್ಯೆಗೆ ತಿರುಗಿಸಲು ಕಡತದಲ್ಲಿ ಒಂದು ಪಟ್ಟಿ ಇಡಬಹುದು: ಇಷ್ಟನೆಯ ಅಚ್ಚು ಎಂದರೆ ‘ಕ’, ಇಷ್ಟನೆಯದು ಎಂದರೆ ‘ನ’ದ ಒತ್ತು, ಅಂದರೆ ವಿರಾಮ ಮತ್ತು ‘ನ’. ಟು-ಯೂನಿಕೋಡ್ ಎಂಬ ಈ ಪಟ್ಟಿಯನ್ನು ಮರುಓದಿನ ಪಟ್ಟಿ ಎನ್ನೋಣ. ಪಟ್ಟಿ ಇಲ್ಲದಿದ್ದರೆ ಕಾಪಿ ಮಾಡಿದಾಗ ಬರುವುದು ಕಸ. ಪಟ್ಟಿ ಇದ್ದರೂ ಅದು ಅಚ್ಚುಗಳನ್ನು ಒಂದೊಂದಾಗಿ, ಸಾಲಿನ ಕ್ರಮದಲ್ಲೇ ತಿರುಗಿಸುತ್ತದೆ. ಕ, ನಾ, ಅರ್ಕಾವೊತ್ತು ಎಂದರೆ ‘ರ್’, ಆಮೇಲೆ ಟ, ಕ. ಸೇರಿಸಿ ಓದಿ: ಕ-ನಾ-ರ್-ಟ-ಕ. ಹೊಸ ಜಾಗದ ಜೋಡಣೆಗಾರ ಈ ‘ರ್’ ಅನ್ನು ಮುಂದಿನ ‘ಟ’ದ ಮೇಲೆ ಅರ್ಕಾವೊತ್ತಾಗಿ ಹೇರುತ್ತಾನೆ. ಕನಾರ್ಟಕ ಸಿದ್ಧ. ‘ಧರ್ಮ’ ಇದೇ ದಾರಿಯಲ್ಲಿ ‘ಧಮರ್’ ಆಗುತ್ತದೆ, ‘ಸೂರ್ಯ’ ‘ಸೂಯರ್’ ಆಗುತ್ತದೆ. ಹಳೆಯ ತುಂಡು ಫಾಂಟುಗಳಲ್ಲಿಯೂ ಅರ್ಕಾವೊತ್ತನ್ನು ಬರೆಯುವ ಕ್ರಮದಲ್ಲೇ ಇಡುತ್ತಿದ್ದುದರಿಂದ ಕಳಪೆ ಪರಿವರ್ತಕಗಳೂ ಇದೇ ‘ಕನಾರ್ಟಕ’ವನ್ನು ಉಗುಳುತ್ತವೆ. ಅಂತರಜಾಲದಲ್ಲಿ ಈ ಪದವನ್ನು ಹುಡುಕಿದರೆ ರಾಶಿ ರಾಶಿ ಸಿಗುವುದು ಅದಕ್ಕೇ. ಯಾರೂ ಹಾಗೆ ಟೈಪು ಮಾಡಿದ್ದಲ್ಲ.

ಇದಕ್ಕೂ ಪಿಡಿಎಫ್‌ನಲ್ಲಿ ವ್ಯವಸ್ಥೆ ಇದೆ. ಅಚ್ಚುಗಳ ಒಂದು ಗುಂಪಿನ ಪಕ್ಕದಲ್ಲಿ ‘ಇದರ ನಿಜವಾದ ಪಠ್ಯ ಇದು’ ಎಂದು ಬರೆದಿಡಬಹುದು. ಆಕ್ಚುಯಲ್ ಟೆಕ್ಸ್ಟ್ ಎಂದು ಅದರ ಹೆಸರು. ಕ್ರೋಮ್ ಪಿಡಿಎಫ್ ಮಾಡುವಾಗ ಅಚ್ಚಿಗೂ ಲಿಪಿಸಂಖ್ಯೆಗೂ ಸರಳವಾಗಿ ತಾಳೆ ಬೀಳದ ಕಡೆ ಇದನ್ನು ಬಳಸುತ್ತದೆ. ಎಲ್ಲ ತಂತ್ರಾಂಶಗಳೂ ಬಳಸುವುದಿಲ್ಲ. ಇದ್ದರೂ, ಓದುವ ತಂತ್ರಾಂಶ ಅದನ್ನು ಗಮನಿಸಬೇಕು.

ಕಾಪಿ-ಪೇಸ್ಟ್ ಕೆಟ್ಟರೆ ಏನು ಮಹಾ, ಓದಲು ಬರುತ್ತದಲ್ಲ ಎನ್ನುವವರಿಗೆ ಒಂದು ಮಾತು. ಹುಡುಕಾಟವೂ ನಡೆಯುವುದು ಇದೇ ಮರುಓದಿನ ಮೇಲೆ. ಮುನ್ನೂರು ಪುಟದ ವರದಿಯಲ್ಲಿ ನಿಮ್ಮ ತಾಲ್ಲೂಕಿನ ಹೆಸರು ಹುಡುಕಿದರೆ ‘ಸಿಗಲಿಲ್ಲ’ ಎಂದು ಬರುವುದು ಇದರಿಂದಲೇ. ಕಣ್ಣು ಕಾಣದವರು ಎನ್‌ವಿಡಿಎಯಂಥ ಪರದೆ ಓದುವ ತಂತ್ರಾಂಶದಿಂದ ಕನ್ನಡ ಕೇಳಿಸಿಕೊಳ್ಳುತ್ತಾರೆ. ಅದಕ್ಕೆ ಪುಟದ ಚಿತ್ರ ಕಾಣುವುದಿಲ್ಲ, ಮರುಓದಿನಿಂದ ಬಂದ ಪಠ್ಯವಷ್ಟೇ ಸಿಗುತ್ತದೆ. ನುಡಿ ಫಾಂಟಿನ ಸುಂದರ ಪಿಡಿಎಫ್ ಅವರ ಕಿವಿಗೆ ಬೀಳುವುದು ಪೌಂಡ್ ಗುರುತುಗಳಾಗಿ. ತಮಗೆ ಬಂದ ಪಿಂಚಣಿಯ ಆದೇಶವನ್ನು ಒಬ್ಬರು ತಾವೇ ಓದಿಕೊಳ್ಳಬಲ್ಲರೋ ಇಲ್ಲವೋ ಎಂಬುದು ಕಡತ ಮಾಡಿದವರು ಬಿಟ್ಟ ಒಂದು ಪಟ್ಟಿಯಿಂದ ನಿರ್ಧಾರವಾಗುತ್ತದೆ.

ತಪಾಸಣೆ

ಪಿಡಿಎಫ್ ಮಾಡಿದ ಕೂಡಲೇ ಅಕ್ರೋಬ್ಯಾಟ್ ರೀಡರಿನಲ್ಲಿ ತೆರೆದು ಕಂಟ್ರೋಲ್ ಜೊತೆ ‘ಡಿ’ ಒತ್ತಿ. ಅಲ್ಲಿ ‘ಫಾಂಟ್ಸ್’ ಎಂಬ ಪುಟದಲ್ಲಿ ಕಡತದ ಫಾಂಟುಗಳ ಪಟ್ಟಿ ಸಿಗುತ್ತದೆ. ಒಂದೊಂದರ ಮುಂದೂ ‘ಎಂಬೆಡೆಡ್’ ಅಥವಾ ‘ಎಂಬೆಡೆಡ್ ಸಬ್‌ಸೆಟ್’ ಎಂದಿದ್ದರೆ ಮೊಳೆಗಳು ಜೊತೆಯಲ್ಲಿವೆ. ಅದಿಲ್ಲದ ಕನ್ನಡ ಫಾಂಟ್ ಒಂದಿದ್ದರೂ ಆ ಕಡತವನ್ನು ಹೊರಗೆ ಕಳಿಸಬೇಡಿ. ಸಬ್‌ಸೆಟ್ ಎಂದರೆ ಬಳಸಿದ ಅಚ್ಚುಗಳನ್ನಷ್ಟೇ ಇಟ್ಟುಕೊಂಡಿದೆ ಎಂದರ್ಥ, ಕಡತ ಹಗುರವಾಗಲು. ಸಿದ್ಧ ಪಿಡಿಎಫ್‌ನಲ್ಲಿ ಒಂದು ಹೆಸರು ತಿದ್ದಲು ಹೋದಾಗ ಹೊಸ ಅಕ್ಷರ ಮೂಡದಿರುವುದಕ್ಕೂ ಇದೇ ಕಾರಣ; ಆ ಅಚ್ಚು ಒಳಗಿಲ್ಲ. ತಿದ್ದುಪಡಿಯನ್ನು ಮೂಲದಲ್ಲೇ ಮಾಡಿ ಹೊಸ ಪಿಡಿಎಫ್ ತೆಗೆಯಬೇಕು. ಲಿನಕ್ಸ್ ಬಳಸುವವರಿಗೆ ಪಾಪ್ಲರ್ ಜೊತೆ ಬರುವ ಪಿಡಿಎಫ್‌ಫಾಂಟ್ಸ್ ಎಂಬ ಆದೇಶ ಇನ್ನೂ ಒಳ್ಳೆಯದು. ಅದರ ‘ಎಂಬ್’ ಕಾಲಂ ಮೊಳೆ ಇದೆಯೇ ಎಂದೂ ‘ಯೂನಿ’ ಕಾಲಂ ಮರುಓದಿನ ಪಟ್ಟಿ ಇದೆಯೇ ಎಂದೂ ಹೇಳುತ್ತವೆ.

ವರ್ಡ್‌ನಲ್ಲಿ ಪ್ರಿಂಟ್ ಹಾದಿ ಬಿಟ್ಟು ‘ಸೇವ್ ಆ್ಯಸ್’ ಹಾದಿಯಲ್ಲಿ ಪಿಡಿಎಫ್ ಮಾಡಿ. ಪ್ರಿಂಟರಿಗೆ ಬೇಕಾದ್ದು ಚಿತ್ರ ಮಾತ್ರ, ಅರ್ಥ ಆ ದಾರಿಯಲ್ಲಿ ಸೋರಿಹೋಗುವುದು ಹೆಚ್ಚು. ಅಲ್ಲೇ ‘ಆಪ್ಷನ್ಸ್’ನಲ್ಲಿ ಪಿಡಿಎಫ್/ಎ ಎಂಬ ಆಯ್ಕೆ ಇದೆ. ದಾಖಲೆಗಳನ್ನು ದೀರ್ಘಕಾಲ ಕಾಪಿಡಲು 2005ರಲ್ಲಿ ಅಂತಾರಾಷ್ಟ್ರೀಯ ಮಾನಕವಾದ ಈ ಬಗೆಯಲ್ಲಿ ಫಾಂಟುಗಳನ್ನು ಒಳಸೇರಿಸುವುದು ಕಡ್ಡಾಯ. ಲಿಬ್ರೆಆಫೀಸಿನ ‘ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್’ನಲ್ಲೂ ಅದೇ ಆಯ್ಕೆ ಸಿಗುತ್ತದೆ.

ಫಾಂಟ್ ಒಳಸೇರಲು ಒಪ್ಪದಿದ್ದರೆ? ಹಾಗೂ ಉಂಟು. ಪ್ರತಿ ಓಪನ್‌ಟೈಪ್ ಫಾಂಟಿನೊಳಗೆ ತಯಾರಕರು ಒಂದು ಅನುಮತಿ ಸಂಖ್ಯೆ ಬರೆದಿರುತ್ತಾರೆ. ಸೊನ್ನೆ ಇದ್ದರೆ ಧಾರಾಳ, ಎರಡು ಇದ್ದರೆ ಒಳಸೇರಿಸುವಂತಿಲ್ಲ. ವರ್ಡ್ ಆಗ ಆ ಪಠ್ಯವನ್ನು ಚಿತ್ರವಾಗಿ ಮಾಡಿ ಅಂಟಿಸಬಹುದು. ನೋಟೋ, ಲೋಹಿತ್, ಗುಬ್ಬಿ, ನವಿಲುಗಳಂಥ ಮುಕ್ತ ಪರವಾನಗಿಯ ಫಾಂಟು ಬಳಸಿದರೆ ಈ ರಗಳೆ ಇಲ್ಲ.

‘ಕರ್ವ್ ಮಾಡಿ ಕಳ್ಸಿ’

ಮುದ್ರಣದ ಅಂಗಡಿಗೆ ಕಡತ ಒಯ್ದರೆ ಅವರು ಹೇಳುವ ಮೊದಲ ಮಾತೇ ಇದು. ಕೋರೆಲ್‌ಡ್ರಾದಲ್ಲಿ ಅಕ್ಷರಗಳನ್ನು ಬರೀ ಗೆರೆಗಳಾಗಿ ಒಡೆದುಬಿಡುವುದಕ್ಕೆ ಕರ್ವ್ ಮಾಡುವುದು ಎನ್ನುತ್ತಾರೆ. ಆಮೇಲೆ ಫಾಂಟಿನ ಹಂಗೇ ಇಲ್ಲ, ಎಲ್ಲಿ ತೆರೆದರೂ ಹಾಗೇ ಕಾಣುತ್ತದೆ. ಲಗ್ನಪತ್ರಿಕೆಗೆ, ಫ್ಲೆಕ್ಸ್ ಬೋರ್ಡಿಗೆ, ಪುಸ್ತಕದ ಮುಖಪುಟಕ್ಕೆ ಇದು ಸರಿಯಾದ ಕ್ರಮ. ಅಂಗಡಿಯವರನ್ನು ತಪ್ಪೆನ್ನುವಂತಿಲ್ಲ, ಅವರಿಗೆ ಬೇಕಾದ್ದು ಕಾಗದದ ಮೇಲಿನ ಮಸಿ. ಆದರೆ ಕರ್ವ್ ಮಾಡಿದ ಕಡತದಲ್ಲಿ ಅಕ್ಷರ ಎಂಬುದೇ ಉಳಿಯುವುದಿಲ್ಲ. ಅದನ್ನೇ ಜಾಲತಾಣಕ್ಕೆ ಏರಿಸುವುದು, ಅಥವಾ ಆದೇಶವನ್ನು ಪ್ರಿಂಟ್ ತೆಗೆದು ಸಹಿ ಹಾಕಿ ಸ್ಕ್ಯಾನ್ ಮಾಡಿ ಏರಿಸುವುದು, ಓದುಗರಿಗೆ ಫೋಟೋ ಕೊಟ್ಟು ದಾಖಲೆ ಕೊಟ್ಟೆವು ಎಂದಂತೆ.

ಪಿಡಿಎಫ್/ಎ ಮಾಡಿದರೆ ಸಾಕು ಎಂದು ನಂಬಿ ಕೂರುವುದೂ ಪೂರ್ತಿ ಸರಿಯಲ್ಲ. ಅದರಲ್ಲಿ ಮಟ್ಟಗಳಿವೆ. ‘ಬಿ’ ಮಟ್ಟ ಹೇಳುವುದು ಕಣ್ಣಿಗೆ ಕಾಣುವ ರೂಪ ಕೆಡುವುದಿಲ್ಲ ಎಂದಷ್ಟೇ. 2011ರಲ್ಲಿ ಸೇರಿದ ‘ಯು’ ಮಟ್ಟ ಪಠ್ಯಕ್ಕೆಲ್ಲ ಯೂನಿಕೋಡ್ ಸಂಖ್ಯೆ ಸಿಗಬೇಕು ಎನ್ನುತ್ತದೆ. ಅದೂ ನಮ್ಮನ್ನು ಪೂರಾ ಕಾಯದು. ನುಡಿಯ ಹಳೆಯ ಫಾಂಟಿನಲ್ಲಿ ‘ನ’ದ ಮೈಗೆ ಪೌಂಡ್ ಎಂಬ ಸಂಖ್ಯೆ ಇರುತ್ತದೆ, ಪೌಂಡ್ ಗುರುತೂ ಯೂನಿಕೋಡಿನಲ್ಲಿ ಇರುವ ಅಕ್ಷರವೇ ಆದ್ದರಿಂದ ತಪಾಸಣೆಯ ಯಂತ್ರ ‘ಸರಿ’ ಎಂದು ಮುದ್ರೆ ಒತ್ತುತ್ತದೆ. ‘ಕನಾರ್ಟಕ’ವನ್ನೂ ಅದು ತಡೆಯದು. ಅದಕ್ಕೆ ಸಂಖ್ಯೆ ಗೊತ್ತು, ಕನ್ನಡ ಗೊತ್ತಿಲ್ಲ.

ಆದ್ದರಿಂದ ಕಡತ ಏರಿಸುವ ಹೊಣೆ ಇರುವವರಲ್ಲಿ ಎರಡು ಕೋರಿಕೆ. ಅರ್ಕಾವೊತ್ತು, ಒತ್ತಕ್ಷರ ಇರುವ ಒಂದೆರಡು ಸಾಲನ್ನು ಪಿಡಿಎಫ್‌ನಿಂದ ಕಾಪಿ ಮಾಡಿ, ನೋಟ್‌ಪ್ಯಾಡಿಗೆ ಅಂಟಿಸಿ, ಕನ್ನಡ ಓದಬಲ್ಲ ಒಬ್ಬರು ಕಣ್ಣಾಡಿಸಿದ ಮೇಲೆಯೇ ಏರಿಸಿ. ಮತ್ತು ಯೂನಿಕೋಡಿನಲ್ಲಿರುವ ಮೂಲ ಕಡತವನ್ನು ಅಳಿಸಬೇಡಿ. ಆಗುವುದಾದರೆ ಪಿಡಿಎಫ್‌ನ ಪಕ್ಕದಲ್ಲೇ ಅದನ್ನೂ ಇಡಿ.